ಮೆಣಸಿನಕಾಯಿ ಪಟ್ಟಿ

ಗದಿಗೆವ್ವ ಏಳನೇ ಸಲ ಸೀನಿದಾಗ ಮಾಲತೇಶಪ್ಪ ಹೊಲಿಗೆ ಯಂತ್ರ ನಿಲ್ಲಿಸಿ ಅಂಗಡಿಯ ಯಜಮಾನ ರಜಾಕನ ಕಡೆ ತಿರುಗಿದ.

"ಕಾಕಾ, ನಮ್ಮ ಮೂಗವ್ವ ವರ್ಷದ ಮಾತೆಲ್ಲಾ ಇವತ್ತ ಒಂದ ದಿನದಾಗ ಆಡಿ ಮುಗಸಾಕತ್ತಾಳ ನೋಡ್ರಿ."

ಗದಿಗೆವ್ವ ಓಢಣಿಯಿಂದ ಮೂಗು ಒರೆಸಿಕೊಂಡು ಮತ್ತೆ ಬಗ್ಗಿದಳು. ನೆಲದ ಮೇಲೆ ಹರಡಿದ್ದ ಹಳೆಯ ತಾಡಪತ್ರಿಯ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಬಿಚ್ಚುತ್ತಿದ್ದಳು. ಬಿಚ್ಚಿದಲ್ಲೆಲ್ಲ ಮಡಿಕೆಯೊಳಗಿಂದ ಕೆಂಪು ಪುಡಿ ಉದುರುತ್ತಿತ್ತು, ಜೊತೆಗೆ ಚಪ್ಪಟೆಯಾದ ಮೆಣಸಿನ ಬೀಜಗಳು. ಎಷ್ಟು ವರ್ಷದ ಹಿಂದಿನ ಮೆಣಸಿನಕಾಯಿಯೋ, ಘಾಟು ಮಾತ್ರ ಇನ್ನೂ ಸತ್ತಿರಲಿಲ್ಲ.

ಆ ತಾಡಪತ್ರಿ ಎರಡನೇ ಮಹಾಯುದ್ಧದ ಕಾಲದ ಒಂದು ಮಿಲಿಟರಿ ಲಾರಿಯದು. ಯುದ್ಧ ಮುಗಿದ ಮೇಲೆ ಸರಕಾರ ಲಿಲಾವು ಮಾಡಿದಾಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಆ ಲಾರಿಯನ್ನು ಕೊಂಡಿದ್ದರು. ಮೂವತ್ತು ನಲವತ್ತು ವರ್ಷ ಚೀಲ ಹೊತ್ತು ತಿರುಗಿ, ಆಮೇಲೆ ಅದು ಗೋದಾಮಿನ ಹಿಂದೆ ನಿಂತೇ ಇತ್ತು. ಈಗ ಅವರ ಮರಿಮಗ ಚೇತನಕುಮಾರ ಅದರ ಇಂಜಿನ್ನು ಬಿಚ್ಚಿಸಿ, ತುಕ್ಕು ಕೆರೆಸಿ, ಹಸಿರು ಬಣ್ಣ ಹೊಡೆಸಿ ಓಡುವಂತೆ ಮಾಡಿಸಿದ್ದ. ಭಾನುವಾರ ಹುಬ್ಬಳ್ಳಿಯಲ್ಲಿ ಹಳೆಯ ಗಾಡಿಗಳ ಮೆರವಣಿಗೆ. ಉಳಿದದ್ದು ಮೇಲಿನ ಹೊದಿಕೆ ಒಂದೇ. ಅದಕ್ಕಾಗಿ ಅವನು ಕಾನ್ಪುರದಿಂದ ದಪ್ಪ ಹತ್ತಿಯ ಕ್ಯಾನ್ವಾಸಿನ ಸುರುಳಿಯೊಂದನ್ನು ತರಿಸಿ, ಹರಿದ ಹಳೆಯ ಹೊದಿಕೆಯ ಜೊತೆ ಟೆಂಪೋದಲ್ಲಿ ರಾಣೆಬೆನ್ನೂರಿಗೆ, ಅಬ್ದುಲರಜಾಕನ ತಾಡಪತ್ರಿ ಅಂಗಡಿಗೆ ಕಳಿಸಿದ್ದ. ತಾನೂ ಬಂದು ಎರಡೆರಡು ಸಲ ಹೇಳಿ ಹೋಗಿದ್ದ. "ರಜಾಕ್ ಸಾಹೇಬ್ರ, ಮೆಣಸಿನಕಾಯಿ ಕಾಲದ್ದು ಏನೂ ಬ್ಯಾಡ್ರಿ. ಯುದ್ಧದಾಗ ಹೆಂಗಿತ್ತೋ ಹಂಗ ಆಗಬೇಕು. ಮತ್ತ ಈ ಬಟ್ಟಿ ಕೆಟ್ಟರ ಇನ್ನೊಂದು ತರಸಾಕ ತಿಂಗಳು ಬೇಕು."

ರಜಾಕ ನಕ್ಕಿದ್ದ. ಪಿ.ಬಿ. ರೋಡಿನ ಪಕ್ಕದ ಆ ತಗಡಿನ ಅಂಗಡಿಯಲ್ಲಿ ಮೂವತ್ತೆರಡು ವರ್ಷದಿಂದ ಅವನು ಲಾರಿಗಳಿಗೆ ಬಟ್ಟೆ ಕತ್ತರಿಸುತ್ತ ಬಂದವನು. ಟೇಪು ಹಿಡಿದವನಲ್ಲ. ಹೊಸ ಬಟ್ಟೆ ಹಾಸಿ, ಅದರ ಮೇಲೆ ಹಳೆಯದನ್ನು ಹಾಸಿ, ಅಂಚಿಗೆ ಸೀಮೆಸುಣ್ಣದ ಖಡುವಿನಿಂದ ಗೆರೆ ಎಳೆದು ಕತ್ತರಿಸುವುದು ಅವನ ಪದ್ಧತಿ. "ಅಳತಿ ತಗೊಳ್ಳವ್ರು ತಪ್ಪತಾರ, ಟೇಪು ಜಗ್ಗತೈತಿ. ಹಳೇದ ಸುಳ್ಳ ಹೇಳಂಗಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಲಾರಿಯನ್ನು ನೋಡುವ ಗೋಜಿಗೂ ಹೋಗುತ್ತಿರಲಿಲ್ಲ.

ಬೆಳಿಗ್ಗೆ ಅವನು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಹಳೆಯ ಹೊದಿಕೆಯ ಮೇಲೆ ಅಂಗೈ ಆಡಿಸಿದ್ದ. ಕನ್ನಡಕ ಹಾಕಿದರೂ ಎರಡು ವರ್ಷದಿಂದ ಅವನ ಕಣ್ಣು ಮಂಜಾಗಿತ್ತು. ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ನೆತ್ತಿಯ ಬಟ್ಟೆ ಮುಗಿದು ಪಕ್ಕದ ಬಟ್ಟೆ ಇಳಿಬೀಳುವ ಕಡೆ, ಉದ್ದಕ್ಕೂ ಗೇಣಗಲದ ಒಂದು ಪಟ್ಟಿ ಬೆರಳಿಗೆ ಸಿಕ್ಕಿತು. ಬೇರೆ ನೇಯ್ಗೆಯದು, ಗೋಣಿ ಹೊಲಿಯುವ ಸುತಳಿಯಿಂದ ಹೊಲಿದದ್ದು. ಇನ್ನೊಂದು ಪಕ್ಕದಲ್ಲೂ ಅಂಥದೇ.

"ಮೆಣಸಿನಕಾಯಿ ಪಟ್ಟಿ," ಎಂದ ರಜಾಕ, ಹಳೆಯ ಪರಿಚಯದವನನ್ನು ಕಂಡವನಂತೆ. "ಬ್ಯಾಡಗಿ ಗಾಡಿ ಅಲ್ಲೇನು. ಮೆಣಸಿನಕಾಯಿ ಹಗೂರ, ಎತ್ತರ ಒಟ್ಟಬೇಕು. ಬಟ್ಟಿ ಹೊರೋ ಕಬ್ಬಣದ ಕಮಾನು ಗೇಣು ಏರಸತಾರ, ಬಟ್ಟಿಗೆ ಗೇಣು ಪಟ್ಟಿ ಹಚ್ಚತಾರ. ನಾನ ನೂರು ಗಾಡಿಗೆ ಹಚ್ಚೇನಿ. ಗದಿಗೆವ್ವಾ, ಇದನ್ನ ಬಿಚ್ಚವಾ. ಬಿಚ್ಚಿ ನೆತ್ತಿಗೂ ಪಕ್ಕಕ್ಕೂ ಹಂಗ ಟಾಕಾ ಹಾಕಿಡು. ನಮಾಜು ಮುಗಿಸಿ ಬಂದು ಕತ್ತರಸತೇನಿ."

ಅಂದು ಶುಕ್ರವಾರ.

ಗದಿಗೆವ್ವನಿಗೆ ಹತ್ತೊಂಬತ್ತು ವರ್ಷ. ಏಳನೇ ತರಗತಿಗೆ ಸಾಲೆ ಬಿಟ್ಟು ಅವ್ವ ಮರಿಯವ್ವನ ಜೊತೆ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದವಳು, ಮೂರು ವರ್ಷದಿಂದ ಇಲ್ಲಿ ಕೆಲಸಕ್ಕಿದ್ದಳು. ದಬ್ಬಳದಿಂದ ಅಂಚಿಗೆ ಹಗ್ಗ ಹೊಲಿಯುವುದು, ಸುತ್ತಿಗೆಯಿಂದ ಹಿತ್ತಾಳೆ ರಿಂಗು ಬಡಿಯುವುದು, ಕಸ ಹೊಡೆಯುವುದು. ಯಂತ್ರ ಮಾಲತೇಶಪ್ಪನದು. ಗೋಡೆಯ ಮೊಳೆಗೆ ತೂಗುವ ದೊಡ್ಡ ಕತ್ತರಿ ರಜಾಕನದು, ಅದನ್ನು ಮತ್ತೊಬ್ಬರು ಮುಟ್ಟುವಂತಿರಲಿಲ್ಲ. ಆದರೆ ಮೂರು ವರ್ಷದಲ್ಲಿ ಅವನು ಕತ್ತರಿಸಿದ ಪ್ರತಿಯೊಂದು ಬಟ್ಟೆಯನ್ನೂ ಅವಳು ನೋಡಿದ್ದಳು. ಎಲ್ಲಿಂದ ಶುರು ಮಾಡುತ್ತಾನೆ, ಎಲ್ಲಿ ಉಸಿರು ಹಿಡಿಯುತ್ತಾನೆ, ಮೂಲೆಯಲ್ಲಿ ಕತ್ತರಿಯನ್ನು ತಿರುಗಿಸದೆ ತಾನೇ ಹೇಗೆ ತಿರುಗುತ್ತಾನೆ ಎಲ್ಲ ತಿಳಿದಿತ್ತು. ಬಸ್ಸಿನಲ್ಲಿ ಮುಂದಿನ ಸೀಟಿನವರ ಕುಪ್ಪಸ, ಹೋಟೆಲಿನ ಪರದೆ, ರಸ್ತೆಗೆ ಅಡ್ಡ ಕಟ್ಟಿದ ಬ್ಯಾನರು, ಕಂಡ ಬಟ್ಟೆಯನ್ನೆಲ್ಲ ಮನಸ್ಸಿನಲ್ಲೇ ಕತ್ತರಿಸಿ ಜೋಡಿಸುವ ಚಟ ಹತ್ತಿತ್ತು. ರಾತ್ರಿ ನಿದ್ದೆಯಲ್ಲೂ ಬೆರಳು ಆಡುತ್ತವೆ ಎಂದು ಅವ್ವ ಬೈಯುತ್ತಿದ್ದಳು.

ಅದೇ ಅವ್ವ ಹಿಂದಿನ ಸಂಜೆ ಮಾತು ಮುಗಿಸಿಬಿಟ್ಟಿದ್ದಳು. "ಸೋಮವಾರದಿಂದ ಕ್ರಾಸಿಂಗಿಗೆ ಹೋಗು. ಬೀಜದ ಕಂಪನಿ ಟೆಂಪೋ ಓಣಿಗೇ ಬರತೈತಿ, ಜೊತಿಗೆ ನಾಕು ಹೆಣಮಕ್ಕಳು ಇರತಾರ. ಆ ಗಂಡಸರ ಅಂಗಡ್ಯಾಗ ಜಲ್ಮಪೂರ್ತಿ ರಿಂಗು ಬಡಕೋತ ಕುಂದ್ರತೀಯೇನು? ರಜಾಕ್‌ಭಾಯ್ಗೂ ಹೇಳೇನಿ. ಆತು ಅಂದಾರ." ರಜಾಕ 'ಆತು' ಅಂದದ್ದೇ ಅವಳಿಗೆ ಚುಚ್ಚಿತ್ತು. ಅವಳನ್ನು ಉಳಿಸಿಕೊಳ್ಳಲು ಅವನು ಇನ್ನೊಂದು ಮಾತು ಆಡಬಹುದಿತ್ತು. ಹತ್ತಿಯ ಹೂವಿಗೆ ಹೂವು ಮುಟ್ಟಿಸುತ್ತ ಬಿಸಿಲಲ್ಲಿ ಸಾಲು ಹಿಡಿದು ನಡೆಯುವ ಆ ಕ್ರಾಸಿಂಗ್ ಕೆಲಸ ಅವಳಿಗೆ ಗೊತ್ತಿಲ್ಲದ್ದಲ್ಲ. ಅಲ್ಲಿ ಬಟ್ಟೆ ಇರುವುದಿಲ್ಲ.

ಎರಡೂ ಪಟ್ಟಿ ಬಿಚ್ಚಿ ಮುಗಿದಾಗ ಹನ್ನೆರಡು ದಾಟಿತ್ತು. ನೆತ್ತಿಯ ಬಟ್ಟೆಗೆ ಬಲಪಕ್ಕದ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಸಡಿಲ ಹೊಲಿಗೆಯ ಟಾಕಾ ಹಾಕುತ್ತ ಬಂದವಳು ನಡುವೆ ಕೈ ನಿಲ್ಲಿಸಿದಳು. ಬಾಗಿಲಿನಿಂದ ಬಿಸಿಲು ಓರೆಯಾಗಿ ಬಟ್ಟೆಯ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಮಾತ್ರ ಕಾಣುವಷ್ಟು ಮಾಸಿದ ಬಿಳಿ ಬಣ್ಣದ ಗೆರೆಯೊಂದು ಪಕ್ಕದ ಬಟ್ಟೆಯಲ್ಲಿ ಅಂಚಿನಿಂದ ಇಳಿದು ಬಾಗಿ ಮತ್ತೆ ಅಂಚಿಗೇ ಏರಿ ನಿಂತಿತ್ತು. ನೆತ್ತಿಯ ಬಟ್ಟೆಯಲ್ಲೂ ಅಂಥದೇ ಒಂದು ಗೆರೆ ಅಂಚಿನಿಂದ ಹೊರಟು ಬಾಗಿ ಮತ್ತೆ ಅಂಚಿಗೇ ಇಳಿದಿತ್ತು. ಯಾವುದೋ ಮಿಲಿಟರಿ ಗುರುತು. ಎರಡೂ ಅಂಚು ಕೂಡಿಸಿದಾಗ ಗೆರೆಗಳೂ ಕೂಡಿದವು. ಕೂಡಿ ಕಣ್ಣಿನ ಆಕಾರವಾಯಿತು, ಎರಡು ತುದಿ ಚೂಪು.

ಗದಿಗೆವ್ವ ಟಾಕಾ ಹರಿದಳು. ಬಿಚ್ಚಿಟ್ಟ ಪಟ್ಟಿಯನ್ನು ತಂದು ನಡುವೆ ಇಟ್ಟಳು. ಪಟ್ಟಿಯ ಮೇಲೆ ಗೆರೆ ಇರಲಿಲ್ಲ. ಖಡು ತೆಗೆದುಕೊಂಡು ಈ ಕಡೆ ಒಂದು, ಆ ಕಡೆ ಒಂದು ಗೆರೆಯನ್ನು ಪಟ್ಟಿಯ ಮೇಲೆ ಹಾಯಿಸಿ ಕೂಡಿಸಿದಳು. ತಟ್ಟಿ ಬಿಟ್ಟ ರೊಟ್ಟಿಯಂತೆ ದುಂಡನೆ ವರ್ತುಲ.

ಅವಳು ಪಟ್ಟಿಯನ್ನು ತೆಗೆದು ಮತ್ತೆ ಇಟ್ಟು ನೋಡಿದಳು. ಬಟ್ಟೆಯನ್ನು ಎತ್ತರಿಸಲು ಪಟ್ಟಿ ಸೇರಿಸಿದ್ದರೆ, ಪಟ್ಟಿ ತೆಗೆದಾಗ ವರ್ತುಲ ದುಂಡಗಾಗಬೇಕಿತ್ತು. ಇಲ್ಲಿ ಪಟ್ಟಿ ಇದ್ದಾಗಲೇ ದುಂಡಗಿದೆ. ಅಂದರೆ ಇದು ಸೇರಿಸಿದ ಪಟ್ಟಿಯಲ್ಲ. ಕಮಾನಿನ ಹೆಗಲಿಗೆ ಉಜ್ಜಿ ಉಜ್ಜಿ ಆ ಜಾಗದ ಬಟ್ಟೆ ಕೊಳೆತಿರಬೇಕು. ಕೊಳೆತ ಗೇಣನ್ನು ಕತ್ತರಿಸಿ ತೆಗೆದು, ಅಷ್ಟೇ ಅಗಲದ ಬೇರೆ ಬಟ್ಟೆ ಹಚ್ಚಿದ್ದಾರೆ. ಪಟ್ಟಿ ಬಿಟ್ಟು ಕತ್ತರಿಸಿದರೆ ಹೊಸ ಹೊದಿಕೆ ಎರಡೂ ಪಕ್ಕಕ್ಕೆ ಗೇಣು ಗೇಣು ಮೋಟಾಗುತ್ತದೆ.

"ಕಾಕಾ," ಎಂದಳು.

ರಜಾಕ ಬಚ್ಚಲಲ್ಲಿ ಕೈಕಾಲು ತೊಳೆದು ಟೊಪ್ಪಿಗೆ ಕೊಡವುತ್ತಿದ್ದ. "ಏನವಾ?"

"ಈ ಪಟ್ಟಿ... ಮೆಣಸಿನಕಾಯಿದಲ್ಲೇನೋ ಅನಸತೈತ್ರಿ. ಗಾಡಿ ಒಮ್ಮಿ ನೋಡಿದ್ರ..."

ಮಾಲತೇಶಪ್ಪ ಯಂತ್ರದ ಹಿಂದಿನಿಂದ ಕುತ್ತಿಗೆ ಚಾಚಿದ. "ಕೇಳ್ರಿಪಾ! ಗಂಡಿನ ಕಡಿಯವ್ರು ಕನ್ಯಾ ನೋಡಾಕ ಹೋಗೋದು ಕೇಳಿದ್ವಿ. ಇಲ್ಲಿ ಕನ್ಯಾನ ಗಾಡಿ ನೋಡಾಕ ಹೊಂಟೈತಿ. ಅವಲಕ್ಕಿ ಚಹಾ ಮಾಡಿಟ್ಟಿರಾಕ ಹೇಳೂನೇನು ಬ್ಯಾಡಗಿಗೆ?"

ರಜಾಕನೂ ನಕ್ಕ. "ಬೀಜ ಉದರಿದ್ದು ನೀನ ಕಂಡಿ, ಸೀನಿದ್ದೂ ನೀನ. ಮತ್ತ ಮೆಣಸಿನಕಾಯಿದಲ್ಲ ಅಂತಿ?" ಎಂದು ಸೈಕಲ್ಲಿನ ಸ್ಟ್ಯಾಂಡು ಒದ್ದ. "ಟಾಕಾ ಮುಗಿಸಿಡು. ಬಟ್ಟಿ ಲೆಕ್ಕ ಹಾಕೇನಿ. ಹೊದಿಕಿ, ಗಾಡಿ ಹಿಂದಿನ ಪರದೆ, ಬರೋಬ್ಬರಿ ಆಗತೈತಿ. ಗೇಣು ಹೆಚ್ಚು ಹೋದ್ರ ಪರದೆಗೆ ಇಲ್ಲ."

ಅವನು ಹೋದ. ಮಾಲತೇಶಪ್ಪ ಬುತ್ತಿ ತೆಗೆದುಕೊಂಡು ಎದುರಿನ ಗ್ಯಾರೇಜಿಗೆ ಉಣ್ಣಲು ಹೋದ. ರಸ್ತೆ ಅಗಲ ಮಾಡುವ ಯಂತ್ರಗಳ ಸದ್ದು, ಧೂಳು. ಗದಿಗೆವ್ವ ಎದ್ದಳು, ಕೂತಳು. ಮತ್ತೆ ಎದ್ದು ಬಾಗಿಲಿಗೆ ಹೋಗಿ ಬಂದಳು. ರಶೀದಿ ಪುಸ್ತಕದಲ್ಲಿ ಚೇತನಕುಮಾರನ ಮನೆಯ ಫೋನ್ ನಂಬರಿತ್ತು. ಅದನ್ನು ಅಂಗೈ ಮೇಲೆ ಬರೆದುಕೊಂಡು ಪಕ್ಕದ ಕಿರಾಣಿ ಅಂಗಡಿಯ ಕೆಂಪು ಫೋನಿನ ಮುಂದೆ ನಿಂತಳು. ಒಂದು ರೂಪಾಯಿ ಹಾಕಿದರೆ ಒಂದು ನಿಮಿಷ. ಅವಳ ಹತ್ತಿರ ಒಂದೇ ನಾಣ್ಯವಿತ್ತು. ಅಪರಿಚಿತರ ಜೊತೆ ಫೋನಿನಲ್ಲಿ ಅವಳು ಯಾವತ್ತೂ ಮಾತಾಡಿರಲಿಲ್ಲ.

"ಯಾರು?" ಮುದುಕಿಯ ದನಿ.

"ನಾ... ರಾಣೆಬೆನ್ನೂರಿಂದ್ರಿ. ತಾಡಪತ್ರಿ ಅಂಗಡಿಯಿಂದ. ಚೇತನಣ್ಣಾರು ಅದಾರೇನ್ರಿ?"

"ಅಂವ ಗಾಡಿ ತೊಳಸಾಕ ಹೋಗ್ಯಾನ. ನಾ ಅವನ ಅಜ್ಜಿ, ಫಕ್ಕೀರವ್ವ. ನೀ ಯಾರ ಮಗಳವಾ?"

"ಅಮ್ಮಾರ, ಗಾಡಿ ಮ್ಯಾಲಿನ ಕಮಾನ..."

"ಗಟ್ಟಿ ಮಾತಾಡವಾ. ನುಂಗಿ ನುಂಗಿ ಮಾತಾಡತಿ, ಉಂಡಿಲ್ಲೇನು?"

ಗದಿಗೆವ್ವ ಕಣ್ಣು ಮುಚ್ಚಿ ಕೂಗಿದಳು. "ಗಾಡಿ ಮ್ಯಾಲಿನ ಕಬ್ಬಣದ ಕಮಾನ್ರಿ! ಮೆಣಸಿನಕಾಯಿ ಹೇರಾಕ ಅವನ್ನ ಎತ್ತರ ಮಾಡ್ಸಿದ್ರೇನ್ರಿ?" ಕಿರಾಣಿ ಅಂಗಡಿಯವನು ಬೆಲ್ಲ ತೂಗುವುದನ್ನು ಬಿಟ್ಟು ತಿರುಗಿ ನೋಡಿದ.

"ಓ, ಅದಾ! ಎತ್ತರ ಮಾಡಸಬೇಕಂತ ನಮ್ಮನಿಯವರು ಭಾಳ ಬಡಕೊಂಡ್ರವಾ. ಹಾವೇರಿಯಿಂದ ಕಮ್ಮಾರನ್ನೂ ಕರಿಸಿದ್ರು. ನಮ್ಮ ಮಾವನೋರು ಅವತ್ತ..."

ಫೋನು ಟುಂಯ್ ಎಂದು ಸತ್ತಿತು.

ಅವಳು ರಿಸೀವರನ್ನು ಕಿವಿಗೆ ಹಿಡಿದೇ ನಿಂತಿದ್ದಳು. ಮಾವನವರು ಅವತ್ತು ಏನು ಮಾಡಿದರು? ಎತ್ತರ ಮಾಡಿಸಿದರೋ, ಬಿಟ್ಟರೋ? ಕಿರಾಣಿಯವನ ಹತ್ತಿರ ಒಂದು ರೂಪಾಯಿ ಕಡ ಕೇಳಬೇಕೆಂದು ಬಾಯಿ ತೆರೆದಳು. ಅವನು "ಏನ್ ಬೇಕವಾ?" ಎಂದ ಕೂಡಲೇ "ಏನಿಲ್ರಿ" ಎಂದು ಇಳಿದು ಬಂದುಬಿಟ್ಟಳು. ಬಂದ ಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಅಂಗಡಿಯಲ್ಲಿ ಹೊಸ ಬಟ್ಟೆ ಹಾಸಿತ್ತು. ಹಿಂದಿನ ದಿನ ಮಾಲತೇಶಪ್ಪ ಮೂರು ಅಗಲಗಳನ್ನು ಕೂಡಿಸಿ ಹೊಲಿದು ಒಂದೇ ಹಾಸು ಮಾಡಿಟ್ಟಿದ್ದ. ಒಣಹುಲ್ಲಿನ ವಾಸನೆಯ, ಇನ್ನೂ ನೀರು ಕಾಣದ ಬಟ್ಟೆ. ಅದರ ಸುತ್ತ ಅವಳು ಎರಡು ಸುತ್ತು ಬಂದಳು. ಬಟ್ಟೆ ಕೆಟ್ಟ ಮೇಲೆ ಹೇಳಿದರೆ ಹೇಳಿದಂತಲ್ಲ. ರಜಾಕ ಬಂದ ಮೇಲೆ ಹೇಳಿದರೆ ಮಾಲತೇಶಪ್ಪ ನಗುತ್ತಾನೆ, ರಜಾಕ ನಗುತ್ತಾನೆ, ತನ್ನ ಮಾತು ನಿಲ್ಲುತ್ತದೆ, ಕತ್ತರಿ ನಿಲ್ಲುವುದಿಲ್ಲ. ಪರದೆಯ ಬಟ್ಟೆ ಸಾಲುವುದಿಲ್ಲವೆಂಬುದೂ ನಿಜ. ಉಳಿಯುವ ಬಟ್ಟೆ ಉದ್ದಕ್ಕಿರುತ್ತದೆ, ಅಗಲ ಎರಡು ಗೇಣು ಕಮ್ಮಿ. ಅದನ್ನು ಅಡ್ಡ ಇಡುವ ಬದಲು ನಿಲ್ಲಿಸಿದರೆ? ಎರಡು ಹೋಳು ಮಾಡಿ ನಿಲ್ಲಿಸಿ, ನಡುವೆ ಒಂದರ ಮೇಲೊಂದು ನಾಲ್ಕು ಬೆರಳು ಬರುವಂತೆ ಬಿಟ್ಟು ಹಗ್ಗದಿಂದ ಕಟ್ಟಿದರೆ? ಕಣ್ಣೆದುರಿಗೆ ಹೋಳುಗಳು ತಿರುಗಿ ತಿರುಗಿ ಬಂದು ಕೂತವು. ಸಾಲುತ್ತದೆ.

ಕತ್ತರಿ ಅವಳು ಅಂದುಕೊಂಡದ್ದಕ್ಕಿಂತ ಭಾರವಿತ್ತು.

ನೆತ್ತಿಯ ಹಳೆಯ ಬಟ್ಟೆ ಹಾಸಿದಳು. ಗೇಣು ಬಿಟ್ಟು ಎರಡೂ ಪಕ್ಕದ ಬಟ್ಟೆ ಹಾಸಿದಳು. ಗೇಣೆಂದರೆ ಯಾರ ಗೇಣು ಎಂದು ಒಂದು ಗಳಿಗೆ ಹೆದರಿ, ಬಿಚ್ಚಿದ ಪಟ್ಟಿಯನ್ನೇ ನಡುವೆ ಇಟ್ಟಳು. ಹೊಲಿಗೆಯ ಮಡಿಕೆಗೆಂದು ಎರಡು ಬೆರಳು, ನೀರು ಬಿದ್ದರೆ ಹೊಸ ಬಟ್ಟೆ ಕುಗ್ಗುತ್ತದೆಂದು ರಜಾಕ ಯಾವಾಗಲೂ ಬಿಡುತ್ತಿದ್ದ ನಾಲ್ಕು ಬೆರಳು. ಗೆರೆ ಎಳೆದಳು. ಚಪ್ಪಲಿ ಬಿಟ್ಟು ಬಟ್ಟೆಯ ಮೇಲೆ ಮಂಡಿಯೂರಿ, ಕತ್ತರಿಯ ಬಾಯಿ ಪೂರಾ ಮುಚ್ಚದೆ, ರಜಾಕ ನೂಕುವಂತೆಯೇ ಮುಂದಕ್ಕೆ ನೂಕಿದಳು. ದಪ್ಪ ಬಟ್ಟೆ ಕರಕರ ಎನ್ನುತ್ತ ಎರಡಾಗತೊಡಗಿತು. ಮೂರು ಮಾರು ಹೋಗುವಷ್ಟರಲ್ಲಿ ಹೆಬ್ಬೆರಳಿನ ಬುಡ ಕೆಂಪಗೆ ಉಬ್ಬಿತು.

"ಏ ಹುಚ್ಚಿ!" ಮಾಲತೇಶಪ್ಪ ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದ. "ಏನ್ ಮಾಡಾಕತ್ತೀದಿ? ಕಾಕಾ ಜೀವಂತ ಹೊಲಿತಾರ ನಿನ್ನ! ಬಿಡದನ್ನ, ಬಿಡು!"

ಅವಳು ತಲೆ ಎತ್ತಲಿಲ್ಲ. ಮೂಲೆ ಬಂತು. ಕತ್ತರಿ ತಿರುಗಿಸದೆ ತಾನೇ ಬಟ್ಟೆಯ ಸುತ್ತ ತಿರುಗಿದಳು. ಮಾಲತೇಶಪ್ಪ ಮುಂದೆ ಒಂದು ಹೆಜ್ಜೆ ಇಟ್ಟ. ಬಟ್ಟೆ ತುಳಿಯಬೇಕಾಗುತ್ತದೆಂದು ಅಲ್ಲೇ ನಿಂತ.

ಎರಡನೆಯ ಪಕ್ಕ ಅರ್ಧಕ್ಕೆ ಬಂದಾಗ ಸೈಕಲ್ಲಿನ ಸದ್ದಾಯಿತು. ರಜಾಕ ಟೊಪ್ಪಿಗೆಯಲ್ಲೇ ಒಳಗೆ ಬಂದ. ಕತ್ತರಿಯ ಸದ್ದು ಅವನಿಗೆ ಬಾಗಿಲಾಚೆಯೇ ಕೇಳಿಸಿರಬೇಕು. ಮೊಳೆಯ ಕಡೆ ನೋಡಿದ, ನೆಲದ ಕಡೆ ನೋಡಿದ. ಮಾಲತೇಶಪ್ಪ "ನಾ ಉಣ್ಣಾಕ ಹೋಗಿದ್ನಿರೀ, ನನಗೇನೂ ಗೊತ್ತಿಲ್ರಿ" ಎಂದು ಮೊದಲೇ ಹೇಳಿಬಿಟ್ಟ.

ಗದಿಗೆವ್ವ ಕತ್ತರಿ ಕೆಳಗಿಟ್ಟಳು. "ಪಟ್ಟಿ ಸೇರ್ಸಿದ್ದಲ್ರಿ ಕಾಕಾ, ಬದಲಿ ಹಾಕಿದ್ದು. ಬಿಳೇ ಗುರುತೈತಿ ಬಟ್ಟಿ ಮ್ಯಾಲ. ಪಟ್ಟಿ ತಗದ್ರ ಅದು ದುಂಡಗ ಆಗಂಗಿಲ್ರಿ."

ರಜಾಕ ಮೊಣಕಾಲೂರಿದ. ಅವಳು ತೋರಿಸಿದ ಜಾಗಕ್ಕೆ ಕಣ್ಣು ತಂದರೂ ಕಾಣದೆ ಬೆರಳು ಆಡಿಸಿದ. ಬಹಳ ಹೊತ್ತು ಆಡಿಸಿದ.

"ಬಣ್ಣಾ ಬಳದಾಂವ ದುಂಡಗ ಬಳದಿದ್ನೋ, ತತ್ತಿ ಹಂಗ ಬಳದಿದ್ನೋ. ನೀ ಕಂಡೀಯೇನು?"

ಅದು ಅವಳಿಗೆ ಹೊಳೆದೇ ಇರಲಿಲ್ಲ.

"ಪರದೆ?"

"ಎರಡು ಹೋಳು ಮಾಡಿ ನಿಲ್ಲಿಸಿದ್ರ ಆಗತೈತ್ರಿ."

ರಜಾಕ ಎದ್ದ. ಬೈಯುತ್ತಾನೆಂದು ಅವಳು ಹೆಗಲು ಕುಗ್ಗಿಸಿದಳು. ಅವನು ಬೈದಿದ್ದರೆ ಹಗುರಾಗುತ್ತಿತ್ತು. "ಪೂರಾ ಮಾಡು," ಎಂದ. "ಅರ್ಧಾ ಕತ್ತರಿಸಿದ್ದನ್ನ ಇನ್ನೊಬ್ಬರ ಕೈಯಾಗ ಕೊಡಬಾರದು. ನಾಳಿ ಬ್ಯಾಡಗಿಗೆ ನೀನೂ ಬಾ. ಮೋಟ ಆದ್ರೂ ಉದ್ದ ಆದ್ರೂ ಸಾಹುಕಾರಗ ಹೇಳಾಕ ನೀನ ನಿಂದ್ರಬೇಕು, ನಾ ಅಲ್ಲ."

ಅಂದು ಉಳಿದ ಹೊತ್ತೆಲ್ಲ, ಮರುದಿನ ಮಧ್ಯಾಹ್ನದವರೆಗೂ, ಅಂಗಡಿಯಲ್ಲಿ ಯಂತ್ರ ಓಡುತ್ತಲೇ ಇತ್ತು. ಮಾಲತೇಶಪ್ಪ ಚೇಷ್ಟೆ ಬಿಟ್ಟು ಹೊಲಿದ. ರಿಂಗು ಬಡಿಯುವಾಗ ಗದಿಗೆವ್ವನ ಸುತ್ತಿಗೆ ಎರಡು ಸಲ ಬೆರಳಿಗೆ ಬಿತ್ತು. ತತ್ತಿಯ ಆಕಾರದ ಗುರುತನ್ನು ಯಾರಾದರೂ ಬಳಿಯುತ್ತಾರೆಯೇ? ಬಳಿದರೂ ಬಳಿಯಬಹುದು. ಮಿಲಿಟರಿಯವರ ಪದ್ಧತಿ ತನಗೇನು ಗೊತ್ತು? ಶುಕ್ರವಾರ ರಾತ್ರಿ ಮನೆಯಲ್ಲಿ ಅವ್ವ ಸೋಮವಾರದ ಹೊಲದ ಕೆಲಸಕ್ಕೆಂದು ಹಳೆಯ ತುಂಬುತೋಳಿನ ಅಂಗಿ ಒಗೆದು ಹಾಕಿದ್ದಳು. ಅದು ತಂತಿಯ ಮೇಲೆ ತೂಗುವುದನ್ನು ನೋಡಲಾಗದೆ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಶನಿವಾರ ಮೂರೂವರೆಗೆ ಟೆಂಪೋ ಬ್ಯಾಡಗಿ ಮುಟ್ಟಿತು. ಗೋದಾಮಿನ ಅಂಗಳದಲ್ಲಿ ಲಾರಿ ನಿಂತಿತ್ತು. ಅವಳು ಅಂದುಕೊಂಡದ್ದಕ್ಕಿಂತ ಗಿಡ್ಡ, ಮೊಂಡು ಮೂತಿಯದು. ಹಸಿರು ಬಣ್ಣ ಇನ್ನೂ ಹಸಿಯಿದ್ದಂತೆ ಹೊಳೆಯುತ್ತಿತ್ತು. ಹಿಂದೆ ಐದು ಕಬ್ಬಿಣದ ಕಮಾನುಗಳು ಬರಿಮೈಯಲ್ಲಿ ನಿಂತಿದ್ದವು. ಎಷ್ಟು ಎತ್ತರವೆಂದು ಕಣ್ಣಿನಿಂದ ಅಳೆಯಲು ನೋಡಿದಳು. ಸಾಧ್ಯವಾಗಲಿಲ್ಲ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಫಕ್ಕೀರವ್ವ, "ಫೋನಿನ್ಯಾಗ ಒದರಿದಾಕಿ ನೀನ ಏನು?" ಎಂದು ಕೇಳಿದಳು. ಉತ್ತರ ಕೊಡುವ ಮೊದಲೇ ರಜಾಕ "ಜಗ್ಗ್ರಿ" ಎಂದ.

ಮಾಲತೇಶಪ್ಪ ಮತ್ತು ಚೇತನಕುಮಾರ ಹೊದಿಕೆಯನ್ನು ಕಮಾನಿನ ಮೇಲೆ ಎಸೆದರು. ಹೊಸ ಬಟ್ಟೆ ಸೆಟೆದು ಒಂದು ಕಡೆ ಗುಪ್ಪೆಯಾಗಿ ಕೂತಿತು. ರಜಾಕ ಎಡಕ್ಕೆ ನಿಂತ, ಗದಿಗೆವ್ವ ಬಲಕ್ಕೆ. ಅಂಚು ಹಿಡಿದು ಎಳೆದಳು. ಬಟ್ಟೆ ಇಳಿದು ಅವಳ ಹಣೆಯ ಮಟ್ಟಕ್ಕೆ ಬಂದು ನಿಂತಿತು. ಅದನ್ನು ಸಿಕ್ಕಿಸುವ ಕೊಕ್ಕೆಗಳಿದ್ದದ್ದು ಎದೆಯ ಮಟ್ಟಕ್ಕೆ.

"ಮೋಟ ಆತಲ್ರಿ!" ಎಂದ ಚೇತನಕುಮಾರ. ಅವನ ಮುಖ ಬಿಳಿಚಿಕೊಂಡಿತ್ತು. "ರಜಾಕ್ ಸಾಹೇಬ್ರ, ನಾಳಿ ಬೆಳಿಗ್ಗಿ ಹೊಂಡಬೇಕ್ರಿ ನಾವು!"

ರಜಾಕ ಲಾರಿಯ ಹಿಂದಿನಿಂದ ಇಣುಕಿದ. ಗದಿಗೆವ್ವನ ಕಡೆ ನೋಡಿದ. ಅವಳು ಹೇಳಬೇಕಾದದ್ದು ಇದೇ ಗಳಿಗೆ. ಅಂಚನ್ನು ಬಿಟ್ಟು ಹಿಂದಕ್ಕೆ ಸರಿದು ಮೇಲೆ ನೋಡಿದಳು. ನಾಲ್ಕನೆಯ ಕಮಾನಿನ ಹೆಗಲಿಗೆ ಹೊಲಿಗೆಯ ಮಡಿಕೆ ಸಿಕ್ಕಿಕೊಂಡು ಬಟ್ಟೆ ಅಲ್ಲಿ ಎರಡು ಪದರಾಗಿತ್ತು.

"ಮಾಲತೇಶಣ್ಣಾ!" ಅವಳ ದನಿಗೆ ಅಂಗಳದಲ್ಲಿದ್ದ ಹಮಾಲರೂ ತಿರುಗಿದರು. "ನಾಕನೇ ಕಮಾನಕ್ಕ ಸಿಕ್ಕೈತಿ, ಒಳಗಿಂದ ಎತ್ತು! ಎತ್ತೂ!"

ಮಾಲತೇಶಪ್ಪ ಲಾರಿಯೊಳಗೆ ನುಗ್ಗಿ ಎರಡೂ ಕೈಯಿಂದ ಬಟ್ಟೆಯನ್ನು ಮೇಲಕ್ಕೆ ಹೊಡೆದ. ಗದಿಗೆವ್ವ ಮತ್ತೆ ಎಳೆದಳು. ಬಟ್ಟೆ ಒಮ್ಮೆಲೇ ಜಾರಿತು. ಹಣೆ, ಮೂಗು, ಗಲ್ಲ ದಾಟಿ ಇಳಿದು ಹಿತ್ತಾಳೆ ರಿಂಗುಗಳು ಸಾಲಾಗಿ ಕೊಕ್ಕೆಗಳ ಮುಂದೆ ಬಂದು ನಿಂತವು. ಕೊಕ್ಕೆಯಿಂದ ಕೆಳಗೆ ನಾಲ್ಕು ಬೆರಳು ಹೆಚ್ಚು, ಕುಗ್ಗಲು ಬಿಟ್ಟದ್ದು.

"ಆ ಕಡಿ?" ಎಂದು ಆಚೆಯಿಂದ ರಜಾಕ ಕೇಳಿದ.

"ಬಂತ್ರಿ."

ಆಚೆಯಿಂದಲೇ ಉತ್ತರ ಬಂತು. "ಇಲ್ಲೂ ಬಂತು."

"ನಾ ಹೇಳಾಕತ್ತಿದ್ನಿ, ಫೋನು ಕಡೀತು," ಎಂದು ಫಕ್ಕೀರವ್ವ ಜಗಲಿಯಿಂದ ಯಾರಿಗೆಂದಿಲ್ಲದೆ ಶುರು ಮಾಡಿದಳು. "ಕಮ್ಮಾರಗ ಹೋಳಿಗಿ ಉಣ್ಸಿ ವಾಪಸ್ ಕಳಿಸಿದ್ರು ನಮ್ಮ ಮಾವನೋರು. ಸರಕಾರದ ಕಬ್ಬಣ, ಮುಟ್ಟಬ್ಯಾಡ್ರಿ ಅಂದ್ರು. ಅವರಿಗೆ ಪೊಲೀಸರ ಅಂಜಿಕಿ ಭಾಳ."

ಚೇತನಕುಮಾರ ನಗುತ್ತ ಲಾರಿಯ ಸುತ್ತ ಬಂದವನು ಹಿಂದೆ ಇಳಿಬಿಟ್ಟ ಪರದೆಯ ಮುಂದೆ ನಿಂತುಬಿಟ್ಟ. "ಇದೇನ್ರಿ, ಪರದೆ ಎರಡು ಹೋಳೈತಿ?"

ಗದಿಗೆವ್ವ ಬಾಯಿ ತೆರೆಯುವಷ್ಟರಲ್ಲಿ ರಜಾಕ ಈ ಕಡೆ ಬಂದಿದ್ದ. "ಮತ್ತ ಒಂದ ಹೋಳಿಂದ ಮಾಡಿದ್ರ ಸಿಪಾಯಿ ಹೆಂಗ ಜಿಗೀಬೇಕ್ರಿ ಸಾಹುಕಾರ್ರ? ಯುದ್ಧದಾಗ ವೈರಿ ಬಂದು ನಿಂತಾಗ ಪರದೆ ಸುತ್ತಗೋತ ಕುಂದ್ರಾಕಾಗತೈತೇನು? ನಡುವ ಹಗ್ಗ ಜಗ್ಗಿದ್ರ ಎರಡೂ ಕಡಿ ಬಿಚ್ಚಬೇಕು. ಮಿಲಿಟರಿಯವು ಎಲ್ಲಾ ಹಿಂಗ ಇರತಾವ."

ಮಾಲತೇಶಪ್ಪ ಕೆಮ್ಮಿದ. ಚೇತನಕುಮಾರ ತಲೆದೂಗಿ ಪರದೆಯನ್ನು ಮುಟ್ಟಿ ನೋಡಿದ. ಅದೇ ಸರಿ ಅನ್ನಿಸಿತು ಅವನಿಗೆ.

ಇನ್ನು ಕಮಾನಿನ ಮೇಲಿನ ಹಗ್ಗ ಬಿಗಿದು, ಬಟ್ಟೆಗೆ ನೀರು ಹೊಡೆದು ಬಿಡಬೇಕಿತ್ತು. ಬೆಳಗಿನೊಳಗೆ ಅದು ಕುಗ್ಗಿ ಕಮಾನಿಗೆ ಕಚ್ಚಿಕೊಳ್ಳುತ್ತದೆ. ಗೋದಾಮಿನ ಬಿದಿರು ಏಣಿ ತಂದು ಲಾರಿಗೆ ಆನಿಸಿದರು. ಮಾಲತೇಶಪ್ಪ ಪ್ಯಾಂಟು ಮಡಿಚಿ ಮೊದಲ ಮೆಟ್ಟಿಲಿಗೆ ಕಾಲಿಟ್ಟ.

"ನೀ ಇಳಿ," ಎಂದ ರಜಾಕ. "ಎಷ್ಟ ಬಿಗೀಬೇಕಂತ ಕತ್ತರಿಸಿದವ್ರಿಗೆ ಗೊತ್ತು."

ಚೇತನಕುಮಾರ ರಜಾಕನ ಮುಖ ನೋಡಿದ, ಆಮೇಲೆ ಹುಡುಗಿಯ ಮುಖ ನೋಡಿದ. ಗದಿಗೆವ್ವ ಓಢಣಿಯನ್ನು ಸೊಂಟಕ್ಕೆ ಸುತ್ತಿ ಏಣಿ ಹತ್ತಿದಳು. ಎತ್ತರದಿಂದ ಗೋದಾಮಿನ ಹಂಚು, ಅದರಾಚೆ ಸ್ಟೇಷನ್ನಿನ ಕಡೆ ಹೋಗುವ ರಸ್ತೆ ಕಾಣುತ್ತಿದ್ದವು. ಹಗ್ಗವನ್ನು ಒಂದೊಂದೇ ರಿಂಗಿನಲ್ಲಿ ಹಾಯಿಸಿ, ಎಳೆದು, ಬೆರಳಿನಿಂದ ಮಿಡಿದು ನೋಡಿ ಗಂಟು ಹಾಕತೊಡಗಿದಳು. ಯಾರೋ ಪೈಪಿನ ನೀರು ಬಿಟ್ಟರು. ಬಟ್ಟೆ ಮೊದಲು ನೀರು ಹಿಡಿಯಲೊಲ್ಲದೆ ಉರುಳಿಸಿತು, ಆಮೇಲೆ ಕುಡಿಯುತ್ತ ಕಪ್ಪಾಯಿತು.

"ಸೋಮವಾರ ಲಗೂ ಬಾ," ಎಂದು ಕೆಳಗಿನಿಂದ ರಜಾಕನ ದನಿ ಬಂತು, ಏಣಿಗೆ ಹೇಳಿದಂತೆ. "ಗುತ್ತಲದವರ ಎರಡು ಲಾರಿ ಬಟ್ಟಿ ಕತ್ತರಸೋದೈತಿ. ನಿಮ್ಮವ್ವಗ ನಾ ಹೇಳತೇನಿ."

"ಹೂಂರಿ," ಎಂದಳು. ನೀರಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಗಟ್ಟಿಯಾಗಿ, "ಹೂಂರಿ ಕಾಕಾ!" ಎಂದಳು.

ಅವನು ಎರಡೂ ಕೈಯಿಂದ ಏಣಿಯ ಬುಡ ಹಿಡಿದು ಮುಖ ಮೇಲೆ ಮಾಡಿ ನಿಂತಿದ್ದ. ಹೊದಿಕೆಯ ಅಂಚಿನಿಂದ ನೀರು ಸಾಲುಸಾಲಾಗಿ ಇಳಿದು ಅವನ ಕನ್ನಡಕದ ಮೇಲೆ, ಗಡ್ಡದ ಮೇಲೆ ಬೀಳುತ್ತಿತ್ತು. "ಕಾಕಾ, ಆ ಕಡಿ ಸರೀರಿ, ತೊಯ್ಯಾಕತ್ತೀರಿ" ಎಂದು ಮಾಲತೇಶಪ್ಪ ಕೂಗಿದ. ರಜಾಕ ಕಣ್ಣು ಪಿಳುಕಿಸಿದ, ಏಣಿ ಬಿಡಲಿಲ್ಲ.